ಮಗ ಅಗ್ನಿವೀರ ಆಗ್ತಾನಂತೆ, ಏಟಾದರೆ ಹೊಣೆ ಯಾರದು?

ಪ್ರಶ್ನೆ: ನಮ್ಮದು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿ. ಕಿರಿಯ ಮಗ ಪಿಯುಸಿ ಮುಗಿಸಿದ್ದಾನೆ, ಹದಿನೇಳೂವರೆ ತುಂಬಿದೆ. ಅಗ್ನಿವೀರ ಆಗಬೇಕು ಅಂತ ದಿನಾ ನಸುಕಿನಲ್ಲಿ ಎದ್ದು ಓಡುತ್ತಾನೆ. ಹದಿನೆಂಟು ಆಗದ ಕಾರಣ ನಾವು ಸಹಿ ಹಾಕಬೇಕಂತೆ. ನಮ್ಮ ಭಾವನವರು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 17 ವರ್ಷ ಸೇವೆ ಮಾಡಿ ನಾಯಕ್ ಆಗಿ ಊರಿಗೆ ಬಂದವರು. ಪಿಂಚಣಿ ಬರುತ್ತದೆ. ಆದರೆ ಮೊಣಕಾಲು ಹಾಳಾಗಿದೆ. ಬರುವಾಗ ಮೆಡಿಕಲ್ ಬೋರ್ಡಿನವರು 30 ಪರ್ಸೆಂಟ್ ವಿಕಲತೆ ಅಂತ ಬರೆದರೂ ಅದಕ್ಕೆ ಸಿಗಬೇಕಾದ ಪಿಂಚಣಿ ಕೊಡಲಿಲ್ಲ. ಅರ್ಜಿ ಹಾಕಿ ಹಾಕಿ ಸುಸ್ತಾಗಿದ್ದಾರೆ. ಅವರನ್ನು ನೋಡಿದರೆ ಸಹಿ ಹಾಕೋಕೆ ಮನಸ್ಸೇ ಬರೋದಿಲ್ಲ. ತರಬೇತಿಯಲ್ಲಿ ಮಗನಿಗೆ ಏಟಾದರೆ ಯಾರು ಹೊಣೆ? ನಾಲ್ಕು ವರ್ಷ ಆದ ಮೇಲೆ ಅವನ ಗತಿ ಏನು? ಇದನ್ನೆಲ್ಲ ಸರ್ಕಾರವನ್ನು ಕೇಳೋದು ಎಲ್ಲಿ?

ಉತ್ತರ: ತಾಯಿ, ನೀವು ಕೇಳಿರೋದು ಒಂದೇ ಮನೆಯ ಇಬ್ಬರ ಬಗ್ಗೆ. ಆದರೆ ಆ ಇಬ್ಬರಿಗೆ ಸರ್ಕಾರ ಕೊಟ್ಟ ಮಾತು ಬೇರೆ ಬೇರೆ. ನಿಮ್ಮ ಭಾವನವರಿಗೆ ಕೊಟ್ಟ ಮಾತು ದೊಡ್ಡದಿತ್ತು, ಅದನ್ನು ಪೂರ್ತಿ ನಡೆಸಲಿಲ್ಲ. ನಿಮ್ಮ ಮಗನಿಗೆ ಕೊಡುತ್ತಿರುವ ಮಾತೇ ಚಿಕ್ಕದು. ಸೈನಿಕರ ಪಿಂಚಣಿ ಮತ್ತು ವಿಕಲತೆಯ ಕೇಸುಗಳನ್ನೇ ನಡೆಸುವ ವಕೀಲ ನಾನು. ದಿನಾ ಈ ಫೈಲುಗಳನ್ನು ಓದುವವನಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾಲ್ಕೇ ವರ್ಷಕ್ಕೆ ಸೈನಿಕರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂದ ಮೇಲೆ ಸೈನಿಕನ ಮೈ ಮತ್ತು ಮುಂದಿನ ಬದುಕಿನ ಹೊಣೆಯಲ್ಲಿ ದೊಡ್ಡ ಪಾಲು ಸರ್ಕಾರದ ಹೆಗಲಿನಿಂದ ಇಳಿದು ಹುಡುಗನ ಮತ್ತು ಮನೆಯವರ ಹೆಗಲಿಗೆ ಬಂದಿದೆ. ಮಗನನ್ನು ಕಳಿಸಬೇಡಿ ಅಂತ ನಾನು ಹೇಳೋದಿಲ್ಲ. ಏನು ಸಿಗುತ್ತೆ, ಏನು ಸಿಗೋದಿಲ್ಲ ಅಂತ ಪೂರ್ತಿ ತಿಳಿದು ಕಳಿಸಿ.

ಮೊದಲು ನಿಮ್ಮ ಸಹಿಯ ವಿಷಯ. ಅಗ್ನಿಪಥ ಯೋಜನೆ ಘೋಷಣೆ ಆಗಿದ್ದು 2022ರ ಜೂನ್ 14ರಂದು. ಸೇರುವ ವಯಸ್ಸು ಹದಿನೇಳೂವರೆಯಿಂದ ಶುರು. ಹದಿನೆಂಟು ತುಂಬದವರಿಗೆ ತಂದೆ, ತಾಯಿ ಅಥವಾ ಪೋಷಕರ ಸಹಿ ಬೇಕೇ ಬೇಕು. ಮಕ್ಕಳನ್ನು ಯುದ್ಧಕ್ಕೆ ಬಳಸಬಾರದು ಅನ್ನುವ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 2005ರಲ್ಲಿ ಒಪ್ಪಿಕೊಂಡಿದೆ. ಆಗ ಕೊಟ್ಟ ಹೇಳಿಕೆಯಲ್ಲಿ, ಭರ್ತಿಯಾಗಿ ತರಬೇತಿ ಮುಗಿಸಿದವನನ್ನು ಕಾರ್ಯಾಚರಣೆಯ ಜಾಗಕ್ಕೆ ಕಳಿಸೋದು ಹದಿನೆಂಟು ತುಂಬಿದ ಮೇಲೆಯೇ ಅಂತ ಸರ್ಕಾರವೇ ಹೇಳಿದೆ. ಭರ್ತಿಯ ಪರೀಕ್ಷೆ, ರ‍್ಯಾಲಿ, ಮೆಡಿಕಲ್ ಎಲ್ಲ ದಾಟಿ ಅವನು ಸೇರುವ ಹೊತ್ತಿಗೇ ತಿಂಗಳುಗಳು ಹೋಗುತ್ತವೆ. ತರಬೇತಿಗೆ ಇನ್ನೂ ಆರೇಳು ತಿಂಗಳು. ಹಾಗಾಗಿ ಗಡಿಗೆ ಹೋಗುವ ಹೊತ್ತಿಗೆ ಅವನಿಗೆ ಹದಿನೆಂಟು ಆಗಿರುತ್ತದೆ. ಆ ಭಯ ಬೇಡ.

ಸಹಿ ಹಾಕುವ ಮುಂಚೆ ಷರತ್ತುಗಳ ಹಾಳೆಯನ್ನು ಮಗನ ಕೈಯಲ್ಲಿ ಗಟ್ಟಿಯಾಗಿ ಓದಿಸಿ. ಸಂಬಳ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಕೈಗೆ ಬರೋದು 21,000. ಉಳಿದ 9,000 ಸೇವಾನಿಧಿಗೆ, ಅಂದರೆ ಅವಧಿ ಮುಗಿದಾಗ ಒಟ್ಟಿಗೆ ಕೈಗೆ ಕೊಡುವ ನಿಧಿಗೆ ಹೋಗುತ್ತದೆ. ನಾಲ್ಕನೇ ವರ್ಷಕ್ಕೆ ಸಂಬಳ 40,000 ಆಗುತ್ತದೆ, ಕೈಗೆ 28,000. ನಾಲ್ಕು ವರ್ಷದಲ್ಲಿ ಅವನ ಪಾಲು ಸುಮಾರು 5.02 ಲಕ್ಷ ಕೂಡುತ್ತದೆ, ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಒಟ್ಟು 10.04 ಲಕ್ಷ, ಮೇಲೆ ಬಡ್ಡಿ, ಆದಾಯ ತೆರಿಗೆ ಇಲ್ಲ. ವರ್ಷಕ್ಕೆ 30 ದಿನ ರಜೆ. ಮಧ್ಯದಲ್ಲಿ ತಾನಾಗೇ ಬಿಟ್ಟು ಬರೋಕೆ ಸಾಮಾನ್ಯವಾಗಿ ಬಿಡೋದಿಲ್ಲ. ಅಪರೂಪಕ್ಕೆ ಬಿಟ್ಟರೂ ಅವನ ಪಾಲು ಮತ್ತು ಅದರ ಬಡ್ಡಿ ಮಾತ್ರ ಕೊಡುತ್ತಾರೆ, ಸರ್ಕಾರದ ಪಾಲು ಇಲ್ಲ.

ಇನ್ನು ಏನೇನು ಇಲ್ಲ ಅನ್ನೋದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನಾಲ್ಕು ವರ್ಷ ಮುಗಿಸಿ ಹೊರಬಂದವನಿಗೆ ಕ್ಯಾಂಟೀನ್ ಕಾರ್ಡ್ ಇಲ್ಲ, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ‘ಮಾಜಿ ಸೈನಿಕ’ ಅನ್ನುವ ಮಾನ್ಯತೆಯೇ ಇಲ್ಲ. ನಿಮ್ಮ ಭಾವನವರಿಗೆ ಇವೆಲ್ಲ ಇವೆ, ಅಲ್ವಾ? ಅದೇ ಮನೆಯ ಹುಡುಗನಿಗೆ ಇರೋದಿಲ್ಲ. ಈ ಯೋಜನೆ ಸರಿಯಲ್ಲ ಅಂತ ಹಾಕಿದ ಅರ್ಜಿಗಳನ್ನು ದೆಹಲಿ ಹೈಕೋರ್ಟ್ 2023ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಯೋಜನೆಯೇ ಹೋಗಿಬಿಡುತ್ತೆ ಅಂತ ಕಾಯುತ್ತಾ ಕೂರೋದರಲ್ಲಿ ಅರ್ಥ ಇಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ, ತರಬೇತಿಯಲ್ಲಿ ಏಟಾದರೆ?

ಅಗ್ನಿವೀರನ ಷರತ್ತಿನ ಪ್ರಕಾರ, ಸೇವೆಯ ಕಾರಣದಿಂದ ಬಂದ ಅಥವಾ ಸೇವೆಯಿಂದ ಹೆಚ್ಚಾದ ವಿಕಲತೆಗೆ ಒಂದೇ ಸಲ ಪರಿಹಾರ ಕೊಡುತ್ತಾರೆ. 100 ಪರ್ಸೆಂಟ್ ವಿಕಲತೆಗೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. 20ರಿಂದ 49ರ ಒಳಗೆ ಇದ್ದರೆ ಅದನ್ನು 50 ಅಂತಲೇ ಲೆಕ್ಕ ಹಿಡಿಯುತ್ತಾರೆ. ಇದರ ಜೊತೆಗೆ ಉಳಿದ ಅವಧಿಯ ಸಂಬಳ ಮತ್ತು ಸೇವಾನಿಧಿಯೂ ಬರುತ್ತದೆ. ಮೊತ್ತ ಕೇಳಿದರೆ ದೊಡ್ಡದು ಅನ್ನಿಸುತ್ತದೆ. ಆದರೆ ಇಪ್ಪತ್ತರ ಹುಡುಗನ ಕಾಲು ಹೋದರೆ ಅವನು ಇನ್ನೂ ನಲವತ್ತು ಐವತ್ತು ವರ್ಷ ಬದುಕಬೇಕು. ಖಾಯಂ ಸೈನಿಕನಿಗೆ ಅದೇ ಏಟಿಗೆ ಸಾಯುವ ತನಕ ತಿಂಗಳು ತಿಂಗಳು ಪಿಂಚಣಿ ಬರುತ್ತದೆ, ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆಯೂ ಇರುತ್ತದೆ.

ಈ ಇಡೀ ವ್ಯವಸ್ಥೆ ‘ಸೇವೆಯ ಕಾರಣದಿಂದ’ ಅನ್ನುವ ಒಂದು ಮಾತಿನ ಮೇಲೆ ನಿಂತಿದೆ. ಅದು ಸಾಬೀತಾಗದಿದ್ದರೆ 44 ಲಕ್ಷವೂ ಇಲ್ಲ, 15 ಲಕ್ಷವೂ ಇಲ್ಲ. ಅದು ಸಾಬೀತಾಗೋದು ಹೇಗೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಚ್ಚಿನ ಮನೆಯವರು ಸೋಲೋದು ಇಲ್ಲೇ.

ಹೊಸದಾಗಿ ಸೇರಿದ ಹುಡುಗರಿಗೆ ಶುರುವಿನ ವಾರಗಳಲ್ಲಿ ಜಾಸ್ತಿ ಕಾಡೋದು ಮೊಣಕಾಲಿನ ಕೆಳಗಿನ ಮೂಳೆಯ ಸಣ್ಣ ಬಿರುಕು. ಡಾಕ್ಟರು ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಬಿದ್ದು ಮುರಿಯುವಂಥದ್ದಲ್ಲ. ಒಂದೇ ಸಮ ಓಡಿ, ಕುಣಿದು, ಭಾರ ಹೊತ್ತು ಮೂಳೆ ದಣಿದು ಬಿರುಕು ಬಿಡುತ್ತದೆ. ಮೊದಲು ಸಣ್ಣ ನೋವು. ಬೆಳಿಗ್ಗೆ ಪಿಟಿಗೆ ಹೋದಾಗ ಜಾಸ್ತಿ, ರಾತ್ರಿ ಮಲಗಿದರೆ ಕಡಿಮೆ. ಹುಡುಗ ಅದನ್ನು ಯಾರಿಗೂ ಹೇಳೋದಿಲ್ಲ. ಹೇಳಿದರೆ ಸಿಕ್ ರಿಪೋರ್ಟ್, ಅಂದರೆ ಮೈ ಸರಿಯಿಲ್ಲ ಅನ್ನುವ ವರದಿ ಹಾಕಿ ಎಂಐ ರೂಮಿಗೆ (ಘಟಕದ ಚಿಕಿತ್ಸಾ ಕೋಣೆಗೆ) ಕಳಿಸುತ್ತಾರೆ. ವಾರಗಟ್ಟಲೆ ವಿಶ್ರಾಂತಿ ಅಂತ ಬರೆದರೆ ಅವನು ತನ್ನ ಬ್ಯಾಚ್ ತಪ್ಪಿಸಿಕೊಂಡು ಹಿಂದಿನ ಬ್ಯಾಚಿಗೆ ಬೀಳುತ್ತಾನೆ. ರೆಲಿಗೇಟ್ ಆಗೋದು ಅಂತಾರೆ ಅದಕ್ಕೆ. ಜೊತೆಗೆ ಸೇರಿದ ಗೆಳೆಯರೆಲ್ಲ ತರಬೇತಿ ಮುಗಿಸಿ ಪ್ರಮಾಣ ಮಾಡುವ ಕಸಮ್ ಪರೇಡ್ ಮಾಡಿ ಹೋಗುವಾಗ ತಾನೊಬ್ಬನೇ ಉಳಿಯೋದು ಆ ವಯಸ್ಸಿಗೆ ದೊಡ್ಡ ಅವಮಾನ. ಸಿಕ್ ರಿಪೋರ್ಟ್ ಕೇಳಿದವನನ್ನು ನಾಟಕ ಮಾಡ್ತಾನೆ ಅಂತ ನೋಡುವ, ತರಬೇತಿ ಕೊಡುವ ಉಸ್ತಾದರೂ ಇರುತ್ತಾರೆ. ಹುಡುಗ ಹಲ್ಲು ಕಚ್ಚಿ ಓಡುತ್ತಾನೆ. ಒಂದು ದಿನ ಮೂಳೆ ಪೂರ್ತಿ ಬಿಡುತ್ತದೆ. ಆಗ ಕಾಗದದಲ್ಲಿ ಆ ದಿನದ ಏಟು ಮಾತ್ರ ಕಾಣುತ್ತದೆ. ಅದಕ್ಕೆ ಮುಂಚಿನ ವಾರಗಳ ನೋವಿನ ದಾಖಲೆ ಎಲ್ಲೂ ಇರೋದಿಲ್ಲ.

ಆದ್ದರಿಂದ ಮಗನಿಗೆ ಇದನ್ನು ಮನಸ್ಸಿಗೆ ನಾಟುವ ಹಾಗೆ ಹೇಳಿ: ನೋವಿದ್ದರೆ ಆವತ್ತೇ ಸಿಕ್ ರಿಪೋರ್ಟ್ ಮಾಡಿಸಬೇಕು. ಬ್ಯಾಚ್ ತಪ್ಪಿದರೆ ಇನ್ನೊಂದು ಬ್ಯಾಚ್ ಸಿಗುತ್ತದೆ. ಎಂಐ ರೂಮಿನಲ್ಲಿ ಬರೆದ ಆ ನಾಲ್ಕು ಸಾಲು ಮುಂದೆ ಲಕ್ಷಗಟ್ಟಲೆ ಬೆಲೆ ಬಾಳುತ್ತವೆ. ಏಟಾದರೆ ಇಂಜುರಿ ರಿಪೋರ್ಟ್ ತುಂಬಬೇಕು. ಅದರ ಫಾರಂ ನಂಬರ್ ಐಎಎಫ್‌ವೈ-2006. ಎಲ್ಲಿ, ಎಷ್ಟು ಗಂಟೆಗೆ, ಯಾವ ಕೆಲಸ ಮಾಡುವಾಗ ಏಟಾಯಿತು, ಆಗ ಅವನು ಡ್ಯೂಟಿಯಲ್ಲಿದ್ದನಾ, ನೋಡಿದವರು ಯಾರು ಅಂತ ಅದರಲ್ಲಿ ಬರೆಯಬೇಕು. ದೊಡ್ಡ ಏಟಾದರೆ ಸೇನೆಯದೇ ಒಳಗಿನ ವಿಚಾರಣೆ, ಅಂದರೆ ಕೋರ್ಟ್ ಆಫ್ ಎನ್‌ಕ್ವಾಯರಿ ನಡೆಯುತ್ತದೆ. ಇವೆರಡರಲ್ಲಿ ‘ಡ್ಯೂಟಿಯಲ್ಲಿ ಇದ್ದ’ ಅಂತ ಬರೆದಿದ್ದರೆ ಮುಂದಿನ ಹೋರಾಟ ಅರ್ಧ ಗೆದ್ದ ಹಾಗೆ. ತರಬೇತಿ ಕೇಂದ್ರದಿಂದ ಫೋನ್ ಬಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಮಗ ಹೇಗಿದ್ದಾನೆ ಅಂತ. ಎರಡನೇ ಪ್ರಶ್ನೆ, ಇಂಜುರಿ ರಿಪೋರ್ಟ್ ಆಗಿದೆಯಾ ಅಂತ.

ಇನ್ನೊಂದು ಅಪಾಯ ಇದೆ. ತರಬೇತಿಯಲ್ಲಿರುವ ಹುಡುಗನನ್ನು ‘ಒಳ್ಳೆಯ ಸಿಪಾಯಿ ಆಗುವ ಸಾಧ್ಯತೆ ಇಲ್ಲ’ ಅನ್ನುವ ಕಾರಣ ಕೊಟ್ಟು ಮನೆಗೆ ಕಳಿಸುವ ಅಧಿಕಾರ ಸೇನೆಯ ನಿಯಮದಲ್ಲಿದೆ. ಏಟಿನಿಂದಲೇ ಹಿಂದೆ ಬಿದ್ದ ಹುಡುಗನಿಗೆ ಈ ಹಣೆಪಟ್ಟಿ ಅಂಟಿಸಿ ಕಳಿಸಿದರೆ ಪರಿಹಾರದ ಬಾಗಿಲೇ ಮುಚ್ಚಿ ಹೋಗುತ್ತದೆ. ಕಾರಣ ಏಟು ಅಥವಾ ಕಾಯಿಲೆ ಆಗಿದ್ದರೆ ಮೆಡಿಕಲ್ ಬೋರ್ಡ್ ಆಗಬೇಕು ಅಂತ ಬರೆದು ಕೇಳಬೇಕು. ಬೋರ್ಡಿನ ಕಾಗದಗಳ ಪ್ರತಿ ಇಲ್ಲದೆ ಮನೆಗೆ ಬರಬಾರದು. ರಜೆಯ ವಿಷಯದಲ್ಲೂ ಒಂದು ಮಾತು: ಊರಿಗೆ ಬಂದಾಗ ಬೈಕಿನಿಂದ ಬಿದ್ದರೆ ಅದಕ್ಕೂ ಸೇವೆಗೂ ಸಂಬಂಧ ತೋರಿಸೋದು ತುಂಬಾ ಕಷ್ಟ. ಇಂಥ ಎಷ್ಟೋ ಕೇಸುಗಳಲ್ಲಿ ಕೋರ್ಟುಗಳು ಇಲ್ಲ ಅಂದಿವೆ. ಸುಮ್ನೆ ಊರು ಸುತ್ತೋಕೆ ಗಾಡಿ ಕೊಡಬೇಡಿ.

ತರಬೇತಿಯ ಅಪಾಯ ಬರೀ ಮೂಳೆ ಮುರಿತದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಫಿರಂಗಿ ಹಾರಿಸುವ ಅಭ್ಯಾಸದ ಹೊತ್ತಿಗೆ ಶೆಲ್ ಸಿಡಿದು ಇಬ್ಬರು ಅಗ್ನಿವೀರರು ತೀರಿಕೊಂಡರು. ಇಬ್ಬರದೂ ಇಪ್ಪತ್ತು ಇಪ್ಪತ್ತೊಂದರ ವಯಸ್ಸು. ಕೇಳೋಕೆ ಕಷ್ಟ ಆಗುತ್ತೆ ಅಂತ ಗೊತ್ತು ತಾಯಿ, ಆದರೂ ಇದರ ಲೆಕ್ಕ ನಿಮಗೆ ತಿಳಿದಿರಬೇಕು. ಅಗ್ನಿವೀರನಿಗೆ 48 ಲಕ್ಷದ ವಿಮೆ ಇದೆ, ಅದಕ್ಕೆ ಅವನ ಸಂಬಳದಿಂದ ಹಣ ಹಿಡಿಯೋದಿಲ್ಲ. ಡ್ಯೂಟಿಯ ಕಾರಣ ಸತ್ತರೆ ಇನ್ನೂ 44 ಲಕ್ಷ, ಉಳಿದ ತಿಂಗಳುಗಳ ಸಂಬಳ, ಸೇವಾನಿಧಿ ಎಲ್ಲ ಸೇರುತ್ತದೆ. 2024ರ ಜನವರಿಯಲ್ಲಿ ಜಮ್ಮು ಕಡೆ ನೆಲಬಾಂಬ್ ಸಿಡಿದು ತೀರಿಕೊಂಡ ಒಬ್ಬ ಅಗ್ನಿವೀರನ ಬಗ್ಗೆ ಅದೇ ವರ್ಷ ಜುಲೈನಲ್ಲಿ ಲೋಕಸಭೆಯಲ್ಲಿ ಗದ್ದಲ ಆಯಿತು. ಆಗ ಸೇನೆ ಕೊಟ್ಟ ಲೆಕ್ಕ ಹೀಗಿತ್ತು: 98.39 ಲಕ್ಷ ಆಗಲೇ ಕೊಟ್ಟಾಗಿದೆ, ಪೊಲೀಸ್ ಪರಿಶೀಲನೆ ಆದ ಮೇಲೆ ಸುಮಾರು 67 ಲಕ್ಷ ಬಾಕಿ ಕೊಡುತ್ತೇವೆ, ಒಟ್ಟು ಸುಮಾರು 1.65 ಕೋಟಿ.

ಹಣ ಕಡಿಮೆ ಅಂತ ನನ್ನ ತಕರಾರಲ್ಲ. ಅದೇ ಬಂಕರಿನಲ್ಲಿ, ಅದೇ ಶೆಲ್ಲಿಗೆ, ಖಾಯಂ ಸಿಪಾಯಿ ಸತ್ತರೆ ಅವನ ಮನೆಯವರಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ. ಅಗ್ನಿವೀರ ಸತ್ತರೆ ಅದು ಇಲ್ಲ. ಶತ್ರುವಿನ ಗುಂಡಿಗೆ ಇವನು ನಾಲ್ಕು ವರ್ಷದವನು, ಅವನು ಹದಿನೈದು ವರ್ಷದವನು ಅಂತ ಗೊತ್ತಾಗುತ್ತಾ? ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿಯೇ 2024ರ ಫೆಬ್ರವರಿಯಲ್ಲಿ, ಡ್ಯೂಟಿಯಲ್ಲಿ ಸತ್ತ ಅಗ್ನಿವೀರನ ಕುಟುಂಬಕ್ಕೂ ಖಾಯಂ ಸೈನಿಕನ ಕುಟುಂಬಕ್ಕೆ ಸಿಗುವುದನ್ನೇ ಕೊಡಿ ಅಂತ ಶಿಫಾರಸು ಮಾಡಿತು. 2025ರ ಮೇ ತಿಂಗಳ ಗಡಿ ಶೆಲ್ ದಾಳಿಯಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಇದೇ ಮಾತು ಕೇಳಿ ಬಾಂಬೆ ಹೈಕೋರ್ಟಿಗೆ ಹೋದರು. ಅವರ ಪ್ರಶ್ನೆ ಪೂರ್ತಿ ನ್ಯಾಯವಾದದ್ದು ಅನ್ನೋದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ತರಬೇತಿಯಲ್ಲಿ ಏಟಾದವರ ಹೊಣೆ ಹೊರೋಕೆ ಸರ್ಕಾರ ಹಿಂಜರಿಯೋದು ಅಗ್ನಿಪಥದಿಂದ ಶುರುವಾದದ್ದಲ್ಲ. ಆಫೀಸರ್ ಆಗಲು ಸೇನೆಯ ತರಬೇತಿ ಅಕಾಡೆಮಿಗಳಾದ ಎನ್‌ಡಿಎ, ಐಎಂಎ ಸೇರಿ, ತರಬೇತಿಯಲ್ಲಿ ಮೈ ಮುರಿದುಕೊಂಡು ಹೊರಬಿದ್ದ ಕೆಡೆಟ್‌ಗಳ ಕಥೆ ನೋಡಿ. 1985ರಿಂದ ಈಚೆಗೆ ಸುಮಾರು 500 ಹುಡುಗರು ಹೀಗೆ ಮನೆಗೆ ಬಂದಿದ್ದಾರೆ. ಗಾಲಿ ಕುರ್ಚಿಯಲ್ಲೇ ದಿನ ಕಳೆಯುವವರೂ ಅವರಲ್ಲಿದ್ದಾರೆ. ಕಮಿಷನ್ ಆಗುವ, ಅಂದರೆ ಆಫೀಸರ್ ಆಗಿ ನೇಮಕವಾಗುವ ಮುಂಚೆ ಏಟಾಯಿತು ಅನ್ನುವ ಕಾರಣಕ್ಕೆ ಅವರು ಮಾಜಿ ಸೈನಿಕರೂ ಅಲ್ಲ, ಇಸಿಎಚ್‌ಎಸ್ ಕೂಡ ಇರಲಿಲ್ಲ. ತಿಂಗಳಿಗೆ ಹೆಚ್ಚೆಂದರೆ 40,000 ರೂಪಾಯಿ ಸಹಾಯಧನ, ಚಿಕಿತ್ಸೆಯ ಖರ್ಚು ಕೆಲವರಿಗೆ ಅದಕ್ಕಿಂತ ಜಾಸ್ತಿ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಯಾರೂ ಅರ್ಜಿ ಹಾಕದೆಯೇ ತಾನಾಗಿ ಈ ವಿಷಯ ಕೈಗೆತ್ತಿಕೊಂಡಿತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಅದು. ಅದೇ ತಿಂಗಳ ಕೊನೆಗೆ ಆ ಕೆಡೆಟ್‌ಗಳಿಗೆ ಇಸಿಎಚ್‌ಎಸ್ ಸಿಕ್ಕಿತು. ನಲವತ್ತು ವರ್ಷ ಆಗದೇ ಇದ್ದದ್ದು ಕೆಲವೇ ವಾರದಲ್ಲಿ ಆಯಿತು. ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ನಾಲ್ಕು ವರ್ಷದ ಮೇಲೆ ಏನು? ಸೇನೆಯ ಅಗ್ನಿವೀರರ ಮೊದಲ ತಂಡ ತರಬೇತಿ ಕೇಂದ್ರ ಸೇರಿದ್ದು 2022ರ ಕೊನೆ, 2023ರ ಶುರುವಿನಲ್ಲಿ. ಅವರ ಅವಧಿ ಮುಗಿಯೋದು 2026ರ ಕೊನೆ, 2027ರ ಶುರುವಿಗೆ. ನೂರರಲ್ಲಿ 25 ಜನರ ತನಕ ಖಾಯಂ ಮಾಡಿಕೊಳ್ಳಬಹುದು. ಅವರು ಮುಂದೆ ಕನಿಷ್ಠ 15 ವರ್ಷ ಸೇವೆ ಮಾಡಬೇಕು. ‘25ರ ತನಕ’ ಅನ್ನೋದನ್ನು ಗಮನಿಸಿ, ಅಷ್ಟನ್ನು ತೆಗೆದುಕೊಳ್ಳಲೇಬೇಕು ಅಂತ ಇಲ್ಲ. ನನ್ನನ್ನೇ ಉಳಿಸಿಕೊಳ್ಳಿ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ ಅಂತ ಷರತ್ತಿನಲ್ಲೇ ಇದೆ. ಹಾಗಾಗಿ ಮಗ ಹೊರಗೆ ಬರುತ್ತಾನೆ ಅಂತಲೇ ಲೆಕ್ಕ ಹಾಕಿಕೊಂಡು ಮನೆಯ ಯೋಜನೆ ಮಾಡಿ. ಉಳಿದುಕೊಂಡರೆ ಸಂತೋಷ.

ಹೊರಬಂದವರಿಗೆ ಕೇಂದ್ರದ ಅರೆಸೇನಾ ಪಡೆಗಳಲ್ಲಿ 10 ಪರ್ಸೆಂಟ್ ಮೀಸಲಾತಿ, ವಯಸ್ಸಿನಲ್ಲಿ ರಿಯಾಯಿತಿ ಅಂತ 2022ರಲ್ಲೇ ಘೋಷಿಸಿದರು. ಬಿಎಸ್‌ಎಫ್ ಕಾನ್‌ಸ್ಟೆಬಲ್ ಹುದ್ದೆಗೆ ಇದನ್ನು 2025ರ ಡಿಸೆಂಬರ್‌ನಲ್ಲಿ 50 ಪರ್ಸೆಂಟಿಗೆ ಏರಿಸಿದರು. ಒಳ್ಳೆಯದೇ. ಆದರೆ ಮೀಸಲಾತಿ ಘೋಷಣೆಗೂ ಕೆಲಸಕ್ಕೂ ನಡುವೆ ಎಷ್ಟು ದೂರ ಇದೆ ಅನ್ನೋದಕ್ಕೆ ಹಳೆಯ ಮಾಜಿ ಸೈನಿಕರ ಲೆಕ್ಕವೇ ಸಾಕ್ಷಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಅವರಿಗೆ 10 ಪರ್ಸೆಂಟ್, ಗ್ರೂಪ್ ಡಿಯಲ್ಲಿ 20 ಪರ್ಸೆಂಟ್ ಮೀಸಲು. 2021ರ ಜೂನ್ ಹೊತ್ತಿಗೆ 77ರಲ್ಲಿ 34 ಇಲಾಖೆಗಳು ಕೊಟ್ಟ ಮಾಹಿತಿ ನೋಡಿದರೆ ಗ್ರೂಪ್ ಸಿಯಲ್ಲಿ ಇದ್ದವರು 1.29 ಪರ್ಸೆಂಟ್, ಗ್ರೂಪ್ ಡಿಯಲ್ಲಿ 2.66. ಉಳಿದ ಇಲಾಖೆಗಳ ಲೆಕ್ಕವೇ ಅದರಲ್ಲಿಲ್ಲ. ಇದಕ್ಕೆ ಯಾರನ್ನಾದರೂ ಹೊಣೆ ಮಾಡಿದ್ದನ್ನು ನಾನು ಕಂಡಿಲ್ಲ.

ಮಗ ಒಳಗೆ ಇರುವಾಗಲೇ ಓದು ಮುಂದುವರಿಸಲಿ. ಅಗ್ನಿವೀರರಿಗೆ ಅಂತಲೇ ಇಗ್ನೋ ವಿಶ್ವವಿದ್ಯಾಲಯದಲ್ಲಿ ಪದವಿ ವ್ಯವಸ್ಥೆ ಇದೆ. ತಿಂಗಳಿಗೆ ಕೈಗೆ ಬರುವ ಹಣದಲ್ಲಿ ಊರಿಗೆ ಎಷ್ಟು ಕಳಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಸೇವಾನಿಧಿಯ ಹತ್ತು ಲಕ್ಷಕ್ಕೆ ಈಗಲೇ ಮನೆ ಕಟ್ಟುವ, ಮದುವೆ ಮಾಡುವ ಲೆಕ್ಕ ಹಾಕಬೇಡಿ. ಆ ಹಣ ಅವನ ಮುಂದಿನ ಕಸುಬಿಗೆ ಇರಲಿ. ಇಪ್ಪತ್ತೆರಡಕ್ಕೆ ಬರಿಗೈಯಲ್ಲಿ ಮತ್ತೆ ಶುರು ಮಾಡೋದು ಸುಲಭ ಅಲ್ಲ.

ನಿಮ್ಮ ಭಾವನವರ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಭರವಸೆ ಜಾಸ್ತಿ. ಅವರ ಮೆಡಿಕಲ್ ಬೋರ್ಡ್ ಕಾಗದದಲ್ಲಿ ‘ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್’ ಅಂತ ಬರೆದಿರಬೇಕು. ಅಂದರೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಸಾವಿರಾರು ಸೈನಿಕರ ಪಿಂಚಣಿ ನಿಂತಿರೋದು ಈ ಒಂದು ಸಾಲಿನಿಂದ. 2013ರಲ್ಲಿ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಅನ್ನುವ ಸೈನಿಕರ ಕೇಸಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಭರ್ತಿ ಆಗುವಾಗ ಮೆಡಿಕಲ್ ಮಾಡಿ, ಯಾವ ಕಾಯಿಲೆಯೂ ಇಲ್ಲ ಅಂತ ತೆಗೆದುಕೊಂಡ ಮೇಲೆ, ನಂತರ ಬಂದದ್ದನ್ನು ಸೇವೆಯಿಂದ ಬಂದದ್ದು ಅಂತಲೇ ತಿಳಿಯಬೇಕು. ಅಲ್ಲ ಅನ್ನೋದಾದರೆ ಅದನ್ನು ತೋರಿಸುವ ಹೊರೆ ಸರ್ಕಾರದ್ದು. ಬೋರ್ಡ್ ಕಾರಣ ಬರೆಯಲೇಬೇಕು, ಸುಮ್ನೆ ಒಂದು ಸಾಲು ಗೀಚಿದರೆ ನಡೆಯೋದಿಲ್ಲ. 17 ವರ್ಷ ಕಾಲಾಳು ಪಡೆಯಲ್ಲಿ ಗುಡ್ಡ ಹತ್ತಿ ಇಳಿದವರ ಮೊಣಕಾಲು ಸವೆದದ್ದಕ್ಕೂ ಸೇವೆಗೂ ಸಂಬಂಧ ಇಲ್ಲ ಅನ್ನೋಕೆ ಬೋರ್ಡಿನ ಹತ್ತಿರ ಏನು ಕಾರಣ ಇದೆ? ಕೇಳಲೇಬೇಕಾದ ಪ್ರಶ್ನೆ ಇದು.

ಇನ್ನೊಂದು ತೀರ್ಪು 2014ರದ್ದು, ರಾಮ್ ಅವತಾರ್ ಪ್ರಕರಣ. 50ಕ್ಕಿಂತ ಕಡಿಮೆ ಇರುವ ವಿಕಲತೆಯನ್ನು 50 ಅಂತ ಎಣಿಸುವ ಸೌಲಭ್ಯ, ಅವಧಿ ಮುಗಿಸಿ ಮಾಮೂಲಾಗಿ ನಿವೃತ್ತರಾದವರಿಗೂ ಇದೆ ಅಂತ ಅದು ಹೇಳಿತು. ಅಂದರೆ ಭಾವನವರು ಗೆದ್ದರೆ ಅವರ 30 ಪರ್ಸೆಂಟ್ 50 ಆಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ವಿಕಲತೆಯ ನಿಯಮಗಳನ್ನು ಬದಲಾಯಿಸಿದ್ದಾರೆ. ಆದರೆ ಅದಕ್ಕೆ ಮುಂಚೆ ಹೊರಬಂದ ಭಾವನವರಿಗೆ ಹಳೆಯ ನಿಯಮವೇ ಅನ್ವಯ. ಹತ್ತಾರು ವರ್ಷ ಕಳೆದಿದೆ, ಈಗ ಕೇಳೋಕಾಗುತ್ತಾ ಅಂತ ಹೆದರಬೇಡಿ. ಪಿಂಚಣಿ ಪ್ರತಿ ತಿಂಗಳೂ ಹುಟ್ಟುವ ಹಕ್ಕು, ತಡವಾದರೂ ಕೇಸು ನಿಲ್ಲುತ್ತದೆ. ಹಿಂದಿನ ಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಮುಂಚಿನ ಮೂರು ವರ್ಷದ್ದಷ್ಟೇ ಸಿಗುತ್ತದೆ. ಹಾಗಾಗಿ ತಡ ಮಾಡಿದಷ್ಟೂ ನಷ್ಟ ನಿಮ್ಮದೇ.

ಮೊದಲು ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ ತರಿಸಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲೇ ಇರೋದರಿಂದ ನಿಮಗೆ ದೂರ ಇಲ್ಲ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹಿಂದೆ ಹಾಕಿದ ಅಪೀಲುಗಳನ್ನು ತಿರಸ್ಕರಿಸಿದ ಪತ್ರಗಳನ್ನೂ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ) ಜೊತೆಗೆ ಇಟ್ಟುಕೊಳ್ಳಿ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. ಕರ್ನಾಟಕದಲ್ಲಿ ಅದರ ಖಾಯಂ ಪೀಠ ಇಲ್ಲ, ನಮ್ಮ ಕೇಸುಗಳು ಕೊಚ್ಚಿ ಪೀಠಕ್ಕೆ ಹೋಗುತ್ತವೆ. ಇಷ್ಟೊಂದು ಸೈನಿಕರಿರುವ ರಾಜ್ಯಕ್ಕೆ ತನ್ನದೇ ಪೀಠ ಇಲ್ಲದಿರೋದು ತಪ್ಪು ಅಂತ ನಾನು ಹೇಳುತ್ತಲೇ ಇದ್ದೇನೆ. ಮಂಡಳಿಯ ತೀರ್ಪು ಸರಿ ಕಾಣದಿದ್ದರೆ ಹೈಕೋರ್ಟಿಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟ ಮಾಡಿದೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಸೈನಿಕರ ಕುಟುಂಬಗಳಿಗೆ ಉಚಿತ ಕಾನೂನು ನೆರವು ಕೊಡುವ ವೀರ ಪರಿವಾರ ಸಹಾಯತಾ ಯೋಜನೆ 2025ರ ಜುಲೈನಲ್ಲಿ ಶುರುವಾಗಿದೆ. ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ. ಮಂಡಳಿಯಲ್ಲಿ ಗೆದ್ದ ಮೇಲೂ ಸರ್ಕಾರ ಮೇಲಿನ ಕೋರ್ಟಿಗೆ ಎಳೆಯಬಹುದು. ಗಡಿಯಲ್ಲಿ ಗಸ್ತು ತಿರುಗುವಾಗ ವಿಪರೀತ ಚಳಿಗೆ ಸತ್ತ ಸೈನಿಕನ ಹೆಂಡತಿಗೆ ಮಂಡಳಿ ಪಿಂಚಣಿ ಕೊಡಿ ಅಂದರೂ, ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನ ತನಕ ತೆಗೆದುಕೊಂಡು ಹೋಯಿತು. ಇಂಥ ವಿಧವೆಯನ್ನು ಕೋರ್ಟಿಗೆ ಎಳೆಯಲೇಬಾರದಿತ್ತು ಅಂತ ಹೇಳಿ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೇ 50,000 ರೂಪಾಯಿ ದಂಡ ಹಾಕಿತು. ಸಮಾನ ಹುದ್ದೆಗೆ ಸಮಾನ ಪಿಂಚಣಿಯ ಬಾಕಿ ವಿಷಯದಲ್ಲೂ ಹಾಗೇ ಆಯಿತು. ಸರ್ಕಾರ ಗಡುವಿನ ಮೇಲೆ ಗಡುವು ಕೇಳಿದಾಗ, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಯಾರಿಗೆ ಯಾವ ತಾರೀಖಿಗೆ ಕೊಡಬೇಕು ಅಂತ ಪಟ್ಟಿ ಬರೆದು ಕೊಡಬೇಕಾಯಿತು. ತಾಳ್ಮೆ ಬೇಕು. ಆದರೆ ಕಾಗದ ಸರಿ ಇದ್ದವರು ಕೊನೆಗೆ ಗೆಲ್ಲೋದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಸರ್ಕಾರವನ್ನು ಕೇಳೋದು ಎಲ್ಲಿ ಅಂದಿರಿ. ಭರ್ತಿಯ ವಿಷಯದಲ್ಲಿ ಕೇಳದೇ ಹೋಗಿದ್ದರ ಫಲ ನಾವು ನೋಡಿದ್ದೇವೆ. ಸೇನೆ 2018-19ರಲ್ಲಿ 53,431 ಜನರನ್ನು, 2019-20ರಲ್ಲಿ 80,572 ಜನರನ್ನು ತೆಗೆದುಕೊಂಡಿತ್ತು. ಕೋವಿಡ್ ಬಂತು ಅಂತ ಮುಂದಿನ ಎರಡು ವರ್ಷ ಭರ್ತಿಯೇ ನಿಂತಿತು. ರ‍್ಯಾಲಿಯಲ್ಲಿ ಓಡಿ, ಮೆಡಿಕಲ್ ಪಾಸಾಗಿ, ಲಿಖಿತ ಪರೀಕ್ಷೆಗೆ ಕಾಯುತ್ತಿದ್ದ ಹುಡುಗರಿಗೆ ಕೊನೆಗೆ ಬಂದದ್ದು ಅಗ್ನಿಪಥ. ಹಳೆಯ ಭರ್ತಿ ರದ್ದಾಯಿತು, ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟು ಹುಡುಗರ ವಯಸ್ಸು ಆ ಕಾಯುವಿಕೆಯಲ್ಲೇ ಮೀರಿತು ಅಂತ ನಿಮ್ಮ ಊರಲ್ಲೇ ವಿಚಾರಿಸಿ ನೋಡಿ.

ಬಹಳ ಜನ ಸೇನೆಗೆ ಮಾಹಿತಿ ಹಕ್ಕು ಅನ್ವಯಿಸೋದಿಲ್ಲ ಅಂತ ತಿಳಿದಿದ್ದಾರೆ. ಅದು ತಪ್ಪು. ಬಿಎಸ್‌ಎಫ್, ಅಸ್ಸಾಂ ರೈಫಲ್ಸ್‌ಗೆ ಹೆಚ್ಚಿನ ವಿಷಯದಲ್ಲಿ ವಿನಾಯಿತಿ ಇದೆ, ಸೇನೆಗೆ ಹಾಗಿಲ್ಲ. ದೇಶದ ಭದ್ರತೆಗೆ ಸಂಬಂಧಿಸಿದ್ದನ್ನು ಬಿಟ್ಟು ಉಳಿದದ್ದನ್ನು 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ತರಬೇತಿ ಕೇಂದ್ರಗಳಲ್ಲಿ ಕಳೆದ ಮೂರು ವರ್ಷದಲ್ಲಿ ಎಷ್ಟು ಅಗ್ನಿವೀರರಿಗೆ ಏಟಾಗಿ ಮೆಡಿಕಲ್ ಬೋರ್ಡ್ ಆಯಿತು, ಅದರಲ್ಲಿ ಎಷ್ಟನ್ನು ಸೇವೆಯ ಕಾರಣ ಅಂತ ಒಪ್ಪಿದರು, ‘ಒಳ್ಳೆಯ ಸಿಪಾಯಿ ಆಗೋದಿಲ್ಲ’ ಅಂತ ಎಷ್ಟು ಜನರನ್ನು ಮನೆಗೆ ಕಳಿಸಿದರು ಅನ್ನೋದು ಭದ್ರತೆಯ ಗುಟ್ಟಲ್ಲ. ಇದನ್ನೇ ನಿಮ್ಮ ಸಂಸದರಿಗೂ ಬರೆದು ಕೊಡಿ. ಅವರು ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಹಾಕಿದರೆ ರಕ್ಷಣಾ ಸಚಿವಾಲಯ ಉತ್ತರಿಸಲೇಬೇಕು, ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಅಧಿವೇಶನ ಶುರುವಾಗುವ ಒಂದು ತಿಂಗಳು ಮುಂಚೆಯೇ ಅವರ ಕಚೇರಿಗೆ ಕೊಡಿ. ಊರಿನ ಮಾಜಿ ಸೈನಿಕರ ಸಂಘದ ಸಹಿಯೂ ಇರಲಿ. ಭಾವನವರನ್ನೇ ಮುಂದೆ ನಿಲ್ಲಿಸಿ, ಸೇನೆಯ ಕಾಗದದ ಭಾಷೆ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.